ಬಲಕ್ಕೆ ಬಿದ್ದ ಹೂವು

ಮಲ್ಲಿಕಾಂಬನ ಬಗ್ಗೆ ಬರೆಯುತ್ತೇನೆ ಅಂದಾಗ ಅವಳು ಹೇಳಿದ ಮೊದಲ ಮಾತು, "ಅಯ್ಯೋ ಶಾರದಕ್ಕ, ನನ್ನದೇನಿದೆ ಬರೆಯೋಕೆ? ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು." ಎರಡನೆಯ ಮಾತು, "ಬರೆಯೋದೇ ಆದರೆ ಯಗಟಿ ಅಮ್ಮನ್ನ ಕೇಳಿ ಬರೀರಿ." ಕೇಳಿದೆ. ಆ ಅಮ್ಮ ನಕ್ಕುಬಿಟ್ಟರು. "ಬರ್ಕಳವ್ವ, ಹೆಸ್ರೊಂದು ಬದ್ಲಾಯ್ಸು. ನನ್ ಮಗ ಪೇಪರ್ ಬಿಚ್ಚೋದು ಕಾಯಿ ರೇಟು ನೋಡಕ್ಕೆ. ಇಂಥವೆಲ್ಲ ಅವನ ಕಣ್ಣಿಗೆ ಬೀಳಲ್ಲ" ಅಂದರು. ಹಾಗಾಗಿ ಆ ಮನೆಯವರಿಗೆ ನಾನು ಬೇರೆ ಹೆಸರು ಇಟ್ಟಿದ್ದೇನೆ. ಹುಡುಕಿಕೊಂಡು ಯಾರೂ ಯಗಟಿಗೆ ಹೋಗಬೇಡಿ.

ನಾನು ತರೀಕೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ಔಷಧಿ ಕೌಂಟರಿನಲ್ಲಿ ಕೂರುವವಳು, ಶಾರದಾಂಬಾ. ನನ್ನ ಬಾಯಿ ಜೋರು. ಅದನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಚೀಟಿಯಿಲ್ಲದೆ ಮಾತ್ರೆ ಕೇಳುವವರಿಗೂ, ಎರಡು ದಿನ ನುಂಗಿ ಬಿಟ್ಟು "ನಿಮ್ ಔಷ್ದಿ ಹಿಡೀಲೇ ಇಲ್ಲ ಕಣ್ರೀ" ಅಂತ ಬರುವವರಿಗೂ ಚೆನ್ನಾಗಿ ಬಯ್ದು ಕಳಿಸುತ್ತೇನೆ. ಬಯ್ಯಿಸಿಕೊಂಡವರೇ ಮತ್ತೆ ಬಂದು, ಮನೆಯ ಕಷ್ಟಸುಖ ಹೇಳಿಕೊಂಡು ಹೋಗುತ್ತಾರೆ.

ಮಲ್ಲಿಕಾಂಬ ನನಗೆ ತದ್ವಿರುದ್ಧ. ಅಜ್ಜಂಪುರದವಳು. ಅಪ್ಪ ಈರುಳ್ಳಿ ಬೆಳೆದು ಮಗಳನ್ನು ಶಿವಮೊಗ್ಗದಲ್ಲಿ ನರ್ಸಿಂಗ್ ಓದಿಸಿದರು. ಗಂಡ ಕಾಂತರಾಜು ಅಜ್ಜಂಪುರದಲ್ಲೇ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡಿದ್ದಾರೆ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಆ ಬಸ್ಸಿನಲ್ಲೂ ಅವಳಿಗೆ ಬಿಡುವಿಲ್ಲ. ಪಕ್ಕದಲ್ಲಿ ಕೂತವರು ಚೀಲದಿಂದ ಮಡಿಸಿದ ರಿಪೋರ್ಟ್ ತೆಗೆದು, "ಸಿಸ್ಟರ್, ಇದೊಂಚೂರು ನೋಡ್ಬಿಡಿ" ಅನ್ನುತ್ತಾರೆ. ಇವಳು ರಿಪೋರ್ಟ್ ಓದುವಾಗ ಅವರು ಇವಳ ಮುಖ ಓದುತ್ತಾರೆ. ಅದು ಗೊತ್ತಿರುವುದರಿಂದಲೇ ಕಾಗದ ವಾಪಸು ಕೊಡುವಾಗ ಕಿಟಕಿಯ ಕಡೆ ತಿರುಗಿ, "ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ" ಅನ್ನುತ್ತಾಳೆ. ಕತ್ತು ಒಂದೇ ಪಕ್ಕ ನೋಯುತ್ತದೆ ಅಂತ ಆಗಾಗ ನನ್ನ ಹತ್ತಿರ ಮುಲಾಮು ತೆಗೆದುಕೊಂಡು ಹೋಗುತ್ತಾಳೆ. ಬಸ್ಸಿನ ಕುಲುಕಾಟ ಅನ್ನುತ್ತಾಳೆ ಅವಳು. ಒಳಗೆ ಇಟ್ಟುಕೊಂಡ ಗುಟ್ಟುಗಳ ಭಾರ ಅನ್ನುತ್ತೇನೆ ನಾನು.

ಕಳೆದ ವರ್ಷ ಚಳಿ ಇಳಿಯುತ್ತಿದ್ದ ಹೊತ್ತಿನಲ್ಲಿ ಶಕುಂತಲಮ್ಮ ಬಂದು ಸೇರಿದರು. ಯಗಟಿ ಕಡೆಯ ಒಕ್ಕಲು ಮನೆ. ಹೊಲದಲ್ಲಿ ರಾಗಿ, ಒಂದಿಷ್ಟು ತೆಂಗು, ಒಂದು ಹಿಂಡು ಕುರಿ. ಗಂಡ ತಿಮ್ಮಪ್ಪ ಮಾತಿಲ್ಲದ ಮನುಷ್ಯ. ಮಗ ಹೊನ್ನೇಶ್ ಟೆಂಪೋದಲ್ಲಿ ಎಳನೀರು ತುಂಬಿಕೊಂಡು ಕಡೂರು, ತರೀಕೆರೆ ಅಂತ ತಿರುಗುವವನು. ನಮ್ಮ ಆಸ್ಪತ್ರೆ ಮುಂದಿನ ಎಳನೀರಿನ ಅಂಗಡಿಗೂ ಅವನೇ ಹಾಕುವುದು, ಆ ಗುರುತಿನಿಂದ ತಾಯಿಯನ್ನು ಇಲ್ಲಿಗೆ ಕರೆದುಕೊಂಡು ಬಂದಿದ್ದ. ಎಡಗಡೆಯ ಎದೆಯಲ್ಲಿ ಗಂಟು. ನಮ್ಮ ಡಾಕ್ಟರ್ ಸುದರ್ಶನ ಅದರಿಂದ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಸಕ್ಕರೆ ಕಾಯಿಲೆಯೂ ಏರಿಬಿಟ್ಟಿತ್ತು, ಅದನ್ನು ಇಳಿಸಲು ವಾರ್ಡಿಗೆ ಹಾಕಿಕೊಂಡರು.

ಕುರಿ ಕೂಗಿ ಕೂಗಿ ಬೆಳೆದ ಗಂಟಲು ಶಕುಂತಲಮ್ಮನದು. ವಾರ್ಡಿನಲ್ಲಿ ಮಾತಾಡಿದರೆ ಕೌಂಟರಿನಲ್ಲಿ ನನಗೆ ಕೇಳಿಸುತ್ತಿತ್ತು. "ಮಲ್ಲಿಕಾಂಬ ಅನ್ನಕ್ಕೆ ಬಾಯಿಗೆ ಉದ್ದ ಆಯ್ತದೆ, ಮಲ್ಲವ್ವ ಅಂತೀನಿ" ಎಂದು ಮೊದಲ ದಿನವೇ ಹೆಸರು ಕತ್ತರಿಸಿದರು. ಇನ್ಸುಲಿನ್ ಚುಚ್ಚುವಾಗ, "ಮೆತ್ತಗೆ ಕಣೇ, ನಾನೇನು ನಿನ್ ಅತ್ತೇನಾ?" ಅಂತ ತಮಾಷೆ ಮಾಡುತ್ತಿದ್ದರು. ಮಲ್ಲಿಕಾಂಬನಿಗೂ ಅವರ ಮಂಚದ ಹತ್ತಿರ ಹೋದರೆ ಮುಖ ಅರಳುತ್ತಿತ್ತು.

ರಿಪೋರ್ಟ್ ಬಂದ ದಿನ ಡಾಕ್ಟರು ಅಪ್ಪ ಮಗ ಇಬ್ಬರನ್ನೂ ಕೋಣೆಗೆ ಕರೆದು ಹೇಳಿದರು. ಕ್ಯಾನ್ಸರ್. ಆದರೆ ಒಳ್ಳೆಯ ಸಮಯದಲ್ಲಿ ಕೈಗೆ ಸಿಕ್ಕಿದೆ, ಕಂಕುಳಿಗೆ ಹರಡುವ ಮುಂಚೆ ತೆಗೆಸಿಬಿಟ್ಟರೆ ಜೀವಕ್ಕೆ ಭಯವಿಲ್ಲ, ತಡ ಮಾಡಿದರೆ ನಾನೇನೂ ಹೇಳಲಾರೆ ಎಂದರು. ಸಕ್ಕರೆ ಹಿಡಿತಕ್ಕೆ ಬಂದ ಕೂಡಲೇ ಹೊರಡಲಿ ಅಂತ ಶಿವಮೊಗ್ಗದಲ್ಲಿ ಆಪರೇಷನ್ನಿಗೆ ದಿನವನ್ನೂ ಗೊತ್ತು ಮಾಡಿಸಿದರು.

ಹೊರಗೆ ಬಂದ ತಿಮ್ಮಪ್ಪ ಬೆಂಚಿನ ಮೇಲೆ ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಹೊನ್ನೇಶ್ ನೇರ ಮಲ್ಲಿಕಾಂಬನ ಎದುರು ಬಂದು ಅಂಗೈ ಚಾಚಿದ.

"ಸಿಸ್ಟರ್, ನಮ್ಮವ್ವಂಗೆ ಕೊಬ್ಬಿನ ಗಂಟು ಅಂತ ಹೇಳ್ತೀವಿ. ನೀವೂ ಹಂಗೇ ಅನ್ಬೇಕು. ನಮ್ ಚಿಕ್ಕವ್ವಂಗೂ ಇದೇ ಕಾಯ್ಲೆ. ಹೆಸ್ರು ಕೇಳಿದ್ ದಿನ ತಟ್ಟೆ ತಳ್ಳಿದೋಳು ಮತ್ತೆ ನೆಟ್ಟಗೆ ಉಣ್ಲಿಲ್ಲ, ಹೋಗೇಬಿಟ್ಲು. ಕೈ ಮೇಲೆ ಕೈ ಇಟ್ಟು ಮಾತು ಕೊಡಿ."

ಮಲ್ಲಿಕಾಂಬ ತೆರೆದ ಬಾಗಿಲಿನಿಂದ ಡಾಕ್ಟರ ಕಡೆ ನೋಡಿದಳು. ಅವರು ಆಗಲಿ ಅನ್ನುವ ಹಾಗೆ ತಲೆಯಾಡಿಸಿದರು. ಇವಳು ಕೈ ಇಟ್ಟಳು. ನಾನು ಕೌಂಟರಿನಿಂದ ನೋಡುತ್ತಲೇ ಇದ್ದೆ. ಆ ಹುಡುಗನ ಕಣ್ಣು ನೋಡಿದ್ದರೆ ಯಾರಾದರೂ ಕೈ ಇಡುತ್ತಿದ್ದರು. ಆದರೂ ನನಗೆ ಉರಿಯಿತು. ಗಂಟು ಇರುವುದು ಆಯಮ್ಮನ ಮೈಯಲ್ಲಿ, ಅದರ ಹೆಸರು ಮಾತ್ರ ಆಯಮ್ಮನನ್ನು ಬಿಟ್ಟು ಎಲ್ಲರಿಗೂ ಗೊತ್ತು. ಇದೆಂಥ ನ್ಯಾಯ?

ಸುಳ್ಳು ಹೇಳುವುದು ಸುಲಭ. ಹೇಳಿದ ಮೇಲೆ ಅದಕ್ಕೆ ಬರುವ ಪ್ರಶ್ನೆಗಳು ಕಷ್ಟ. ಶಕುಂತಲಮ್ಮ ಪೆದ್ದರಲ್ಲ. ಮಾರನೆಯ ದಿನವೇ ಶುರು ಮಾಡಿದರು.

"ಮಲ್ಲವ್ವ, ಕೊಬ್ಬಿನ ಗಂಟಿಗೆ ಎದೆನೇ ತೆಗೀತಾರಂತಾ? ಪಕ್ಕದ ಮಂಚದೋಳು ಹಂಗಂದ್ಲು."

"ಡಾಕ್ಟರು ನೋಡಿಕೊಳ್ತಾರೆ ಕಣಮ್ಮ."

"ಅಲ್ಲ ಕಣೇ, ನಮ್ ದೊಡ್ಡಮಾವ ಅಜ್ಜಯ್ಯಂಗೆ ಬೆನ್ನಲ್ಲಿ ಕಾಯಿ ಗಾತ್ರದ ಕೊಬ್ಬಿನ ಗಂಟಿತ್ತು. ಅದ್ನ ಹೊತ್ಕಂಡೇ ಕುರಿ ಮೇಯ್ಸ್ದ, ಮೊಮ್ಮಕ್ಳ ಮದ್ವೆ ಮಾಡ್ದ, ಸಾಯೋವಾಗ್ಲೂ ಗಂಟು ಹಂಗೇ ಇತ್ತು. ನಂದೊಂದೇ ಯಾಕ್ ಕುಯ್ಬೇಕು? ಅಲ್ಲಿ ಕುರಿ ಮರಿ ಹಾಕೋ ಟೈಮು."

ಏನು ಉತ್ತರ ಕೊಡುತ್ತೀರಿ? ಕೊಬ್ಬಿನ ಗಂಟೇ ಆಗಿದ್ದರೆ ಆಯಮ್ಮ ಆಡಿದ್ದೆಲ್ಲ ಸರಿಯೇ. ಮಲ್ಲಿಕಾಂಬ ಬಿ.ಪಿ. ಪಟ್ಟಿ ಸುತ್ತಿ, ಸ್ಟೆತಸ್ಕೋಪು ಕಿವಿಗೆ ಸಿಕ್ಕಿಸಿಕೊಂಡಳು. ಕಿವಿ ಮುಚ್ಚಿದ್ದರೆ ಪ್ರಶ್ನೆ ಕೇಳಿಸಲಿಲ್ಲ ಅನ್ನಬಹುದಲ್ಲ. ಅವತ್ತು ಒಂದೇ ಬೆಳಿಗ್ಗೆ ಎಷ್ಟು ಸಲ ಆಯಮ್ಮನ ಬಿ.ಪಿ. ನೋಡಿದಳೋ, "ನನ್ ರಕ್ತ ಎಲ್ಲಿಗೂ ಓಡೋಗಲ್ಲ ಬಿಡೇ" ಅಂತ ಶಕುಂತಲಮ್ಮನೇ ಅಂದರು.

ಅವಳ ಊಟದ ಡಬ್ಬಿ ಬಂದ ಹಾಗೇ ವಾಪಸು ಹೋಗತೊಡಗಿತು. ಕಾಂತರಾಜು ನನಗೆ ಫೋನ್ ಮಾಡಿ, "ಏನ್ರೀ ಶಾರದಮ್ಮ, ಇವಳು ಮನೇಲಿ ಮಾತೇ ಬಿಟ್ಟಿದ್ದಾಳೆ, ಆಸ್ಪತ್ರೇಲಿ ಯಾರಾದ್ರೂ ಏನಾದ್ರೂ ಅಂದ್ರಾ?" ಎಂದು ಕೇಳಿದರು. ನಾನು ಅವಳನ್ನು ಕೌಂಟರಿನ ಒಳಗೆ ಎಳೆದು ಕೂರಿಸಿ ಬಯ್ದೆ.

"ಹೇಳಿಬಿಡೇ, ನಿನ್ನ ಗಂಟೇನು ಹೋಗುತ್ತೆ?"

"ಮಾತು ಕೊಟ್ಟಿದ್ದೀನಲ್ಲ ಶಾರದಕ್ಕ. ಹೇಳಿದ ಮೇಲೆ ಅವರ ತಂಗಿ ಥರ ಊಟ ಬಿಟ್ಟು ಮಲಗಿದರೆ? ಅದು ನನ್ನ ತಲೆ ಮೇಲೆ. ಹೇಳದೇ ಇದ್ದು, ಆಪರೇಷನ್ ಬೇಡ ಅಂತ ಎದ್ದು ಹೋದರೆ? ಅದೂ ನನ್ನ ತಲೆ ಮೇಲೇ. ಡಾಕ್ಟರು ಬೇಡ ಅಂದಿದ್ದನ್ನ ನರ್ಸು ಹೇಳಿದಳು ಅಂತ ಆದರೆ ಕೆಲಸವೂ ಹೋಗುತ್ತೆ. ನಿಮಗೆ ಬಯ್ಯೋದು ಸುಲಭ."

ನಾನು ಅವಳ ಡಬ್ಬಿಯ ಮುಚ್ಚಳ ತೆಗೆದು ಮುಂದಿಟ್ಟೆ. ಅವಳು ಮತ್ತೆ ಮುಚ್ಚಿದಳು.

ಅಷ್ಟರಲ್ಲಿ ಶಕುಂತಲಮ್ಮ ಹೊಸದೊಂದು ತೆಗೆದರು. ಆ ಮನೆಯಲ್ಲಿ ಬಾವಿ ತೋಡಿಸಲಿ, ಹೆಣ್ಣು ಕೊಡಲಿ, ಮೊದಲು ಮನೆದೇವರ ಹತ್ತಿರ ಹೂ ಕೇಳಬೇಕು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಪೂಜಾರಿ ದೇವರ ಮೈಮೇಲೆ ಎಡಕ್ಕೂ ಬಲಕ್ಕೂ ಒದ್ದೆ ಹೂವು ಅಂಟಿಸಿ ಇಡುತ್ತಾರೆ. ಕೇಳುವವರು ಎದುರಿಗೆ ಕೂತು ತಮ್ಮ ಪ್ರಶ್ನೆಯನ್ನು ಮನಸ್ಸಿನಲ್ಲೇ ಅಂದುಕೊಳ್ಳಬೇಕು, ಬಾಯಿಬಿಟ್ಟು ಹೇಳುವ ಹಾಗಿಲ್ಲ. ಬಲಗಡೆಯ ಹೂವು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಒಮ್ಮೊಮ್ಮೆ ಅರ್ಧ ದಿನ ಕೂತರೂ ಎರಡೂ ಅಲುಗುವುದಿಲ್ಲ. "ಹೂ ಕೇಳ್ದೆ ಮೈಗೆ ಕತ್ತಿ ಹಾಕ್ಸ್ಕಳಲ್ಲ" ಅಂತ ಶಕುಂತಲಮ್ಮ ಪಟ್ಟು ಹಿಡಿದರು. ಸೋಮವಾರ ಅವರ ದೇವರ ವಾರ. ಹೋಗಿ ಮಂಗಳವಾರ ಬೆಳಿಗ್ಗೆ ಬಂದುಬಿಡಿ ಅಂತ ಡಾಕ್ಟರು ಒಪ್ಪಿದರು.

ಆ ಸೋಮವಾರ ಮಲ್ಲಿಕಾಂಬ ಸ್ವಲ್ಪ ಹಗುರಾಗಿದ್ದಳು. "ದೇವರೇ ಹೌದು ಅಂದುಬಿಟ್ಟರೆ ಶಿವಮೊಗ್ಗಕ್ಕೆ ಹೊರಡ್ತಾರೆ ಶಾರದಕ್ಕ, ನನ್ನ ಬಾಯಿ ಉಳಿಯುತ್ತೆ" ಅಂದಳು. ಮಧ್ಯಾಹ್ನ ಡಬ್ಬಿಯ ಅನ್ನ ಪೂರ್ತಿ ಉಂಡಳು.

ಮಂಗಳವಾರ ಶಕುಂತಲಮ್ಮ ಬಾಗಿಲಲ್ಲೇ ಕೂಗಿಕೊಂಡು ಬಂದರು. "ಬಲಗಡೆ ಕೊಟ್ಟ ಕಣೇ ಮಲ್ಲವ್ವ! ಹಿಂಗ್ ಕಣ್ಮುಚ್ಚಿದ್ದೆ, ತಟ್ ಅಂತ ಕೊಟ್ಬಿಟ್ಟ!" ತುರುಬಿನಲ್ಲಿ ಆ ಸೇವಂತಿಗೆ.

"ಒಳ್ಳೇದಾಯ್ತಲ್ಲಮ್ಮ. ಹಾಗಾದರೆ ಶಿವಮೊಗ್ಗಕ್ಕೆ ಹೊರಡೋದು ತಾನೇ?"

"ಅಲ್ಯಾಕ್ ಹೋಗ್ಲಿ? ಕುಯ್ಯಿಸ್ಕಳ್ದೇ ವಾಸಿ ಆಗೋದಾದ್ರೆ ಬಲಗಡೆ ಕೊಡಪ್ಪ ಅಂತ ನಾನು ಕೇಳ್ಕಂಡಿದ್ದು. ಕೊಟ್ಟ. ಸಕ್ರೆ ಮಾತ್ರೆ ಕೊಡಿ, ಕಂಬ್ಳಿ ಮಡಿಸ್ಕಂಡು ಹೋಯ್ತೀನಿ. ಕುರಿ ಕಾಯ್ತಾ ಅವೆ."

ಹಿಂದೆಯೇ ಬಂದ ಹೊನ್ನೇಶನ ಮುಖದಲ್ಲಿ ರಕ್ತವೇ ಇರಲಿಲ್ಲ.

ಡಾಕ್ಟರ್ ಸುದರ್ಶನ ಬಂದು ಸಮಾಧಾನದಿಂದ ಹೇಳಿ ನೋಡಿದರು. ಗಂಟು ಬಿಡುವುದು ಒಳ್ಳೆಯದಲ್ಲ, ತೆಗೆಸುವುದೇ ಲೇಸು ಅಂದರು. "ದೇವ್ರಿಗಿಂತ ನೀವು ದೊಡ್ಡೋರಾ ಸ್ವಾಮಿ?" ಅಂತ ಶಕುಂತಲಮ್ಮ ಕಂಬಳಿ ಕೊಡವಿದರು. ಡಾಕ್ಟರು ಹೊನ್ನೇಶನನ್ನು ಪಕ್ಕಕ್ಕೆ ಕರೆದು, "ಬಚ್ಚಿಟ್ಟಿದ್ದು ನೀವು, ಈಗ ನೀವೇ ಬಿಚ್ಚಬೇಕು. ಮನೆಯವರು ಬೇಡ ಅಂದ ಮೇಲೆ ನಾನು ಬಾಯಿ ಹಾಕೋಕಾಗಲ್ಲ" ಅಂದು ಹೊರರೋಗಿಗಳ ಸಾಲಿನ ಕಡೆ ಹೊರಟುಹೋದರು. ಒಳ್ಳೆಯ ಡಾಕ್ಟರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವತ್ತು ಅವರ ಬೆನ್ನು ನೋಡಿ ನನಗೆ ಏನಾದರೂ ಎಸೆಯಬೇಕು ಅನ್ನಿಸಿತು.

ಹೊನ್ನೇಶ್ ನನ್ನ ಕೌಂಟರಿನ ಮೂಲೆಗೆ ಬಂದು ಗೋಡೆ ಹಿಡಿದು ನಿಂತ. ಮಲ್ಲಿಕಾಂಬ ಅವನ ಹಿಂದೆಯೇ ಬಂದಳು.

"ಏನಾಯ್ತು ಹೊನ್ನೇಶ್?"

"ನಾನೇ ಮಾಡ್ಸಿದ್ದು ಸಿಸ್ಟರ್." ವಾರ್ಡಿನ ಕಡೆ ನೋಡಿ ದನಿ ತಗ್ಗಿಸಿದ. "ಎಡಗಡೆ ಬಿದ್ರೆ ಅವ್ವ ಎದೆ ಒಡ್ಕಂತಾಳೆ ಅಂತ, ಬಲಗಡೆ ಹೂವ ಸಡ್ಲ ಇಡಿ ಅಂತ ಪೂಜಾರಪ್ಪನ ಕಾಲ್ ಹಿಡ್ದೆ. ಆಪರೇಷನ್ ಮಾಡಿಸ್ಕಳ್ಲಾ ಅಂತ ಕೇಳ್ತಾಳೆ, ದೇವ್ರು ಹೂಂ ಅಂದಂಗಾಯ್ತದೆ ಅಂದ್ಕಂಡಿದ್ದೆ. ಅವ್ಳು ಉಲ್ಟಾ ಕೇಳ್ಕಂಡವ್ಳೆ."

ನನಗೆ ನಗು ಬರುವುದೋ ಅಳು ಬರುವುದೋ ಗೊತ್ತಾಗಲಿಲ್ಲ. ಪ್ರಶ್ನೆ ಮನಸ್ಸಿನಲ್ಲಿ ಇರುತ್ತದೆ ಅನ್ನುವುದನ್ನೇ ಮರೆತು ಉತ್ತರವನ್ನು ಮೊದಲೇ ಸಡಿಲ ಮಾಡಿಸಿಟ್ಟಿದ್ದ, ಪುಣ್ಯಾತ್ಮ!

"ಹೋಗಿ ಹೇಳಿ ಹೊನ್ನೇಶ್. ಈಗಲೇ. ಈ ದಿನ ತಪ್ಪಿದರೆ ಮತ್ತೆ ಅವರು ಆಸ್ಪತ್ರೆ ಮೆಟ್ಟಿಲು ಹತ್ತಲ್ಲ. ಮುಂದೆ ಬಂದರೂ ಆಗ ಹರಡಿರುತ್ತೆ."

"ದೇವ್ರ ಹೂವಿಗೆ ಕೈ ಹಾಕ್ಸ್ದೆ ಅಂತ ಹೆತ್ತವ್ವನ ಮುಂದೆ ಹೆಂಗ್ ಅನ್ಲಿ? ನನ್ ಮಖ ನೋಡ್ತಾಳಾ ಆಮೇಲೆ?"

"ಹಾಗಾದರೆ ನನ್ನನ್ನ ಬಿಟ್ಟುಬಿಡಿ. ನಾನು ಕೊಟ್ಟ ಮಾತು ವಾಪಸು ಕೊಡಿ. ನಾನು ಹೇಳ್ತೀನಿ."

"ಆಗಲ್ಲ ಸಿಸ್ಟರ್. ನೀವೇನಾದ್ರೂ ಅಂದು ಅವ್ಳು ಚಿಕ್ಕವ್ವನಂಗೆ ಆಗ್ಬಿಟ್ರೆ ನಾನ್ ನಿಮ್ಮನ್ನ ಸುಮ್ನೆ ಬಿಡಲ್ಲ. ಊರಿಗೆ ಕರ್ಕೊಂಡು ಹೋಗಿ ನಿಧಾನಕ್ಕೆ ಪುಸಲಾಯಿಸ್ತೀನಿ." ಕಣ್ಣು ಒರೆಸಿಕೊಂಡು, ಟೆಂಪೋವನ್ನು ಬಾಗಿಲಿಗೆ ತರಲು ಹೋದ.

ಮಲ್ಲಿಕಾಂಬ ಕೈ ತೊಳೆಯುವ ಬೇಸಿನ್ನಿನ ಹತ್ತಿರ ನಿಂತಳು. ನಲ್ಲಿ ತಿರುಗಿಸಿದಳು, ತೊಳೆದಳು, ಒರೆಸಿದಳು, ಮತ್ತೆ ನಲ್ಲಿ ತಿರುಗಿಸಿದಳು. ಗಾಜಿನ ಬಾಗಿಲಿನಾಚೆ ತಿಮ್ಮಪ್ಪ ಟೆಂಪೋದ ಹಿಂಭಾಗದಲ್ಲಿ ಎಳನೀರು ಸರಿಸಿ ಚಾಪೆಗೆ ಜಾಗ ಮಾಡುತ್ತಿದ್ದರು. ಇನ್ನು ಮಾತ್ರೆ ಚೀಲ ಕೈಗೆ ಕೊಟ್ಟರೆ ಮುಗಿಯಿತು, ಹೊರಟೇಬಿಡುತ್ತಾರೆ.

"ಶಾರದಕ್ಕ, ಮಾತ್ರೆ ಚೀಲ ನೀವು ಹಿಡ್ಕೊಂಡು ಬನ್ನಿ" ಅಂದಳು. "ನಾನೊಬ್ಬಳೇ ಹೋದರೆ ಬಾಯಿ ಬರಲ್ಲ."

ಶಕುಂತಲಮ್ಮ ಮಂಚದ ತುದಿಯಲ್ಲಿ ಕೂತು ಲೋಟ, ತಟ್ಟೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟುತ್ತಿದ್ದರು. ಪಕ್ಕದ ಮಂಚ ಅವತ್ತು ಖಾಲಿ. ಮಲ್ಲಿಕಾಂಬ ಸ್ಟೂಲು ಎಳೆದು ಎದುರಿಗೆ ಕೂತಳು. ಸ್ಟೆತಸ್ಕೋಪು ತೆಗೆದು ನನ್ನ ಕೈಗೆ ಕೊಟ್ಟಳು. ನಾನು ಪರದೆಯ ಪಕ್ಕ ನಿಂತೆ.

"ಅಮ್ಮಾ, ಒಂದು ಕೇಳ್ತೀನಿ. ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಎಲ್ಲಾ ತಿಳ್ಕೋಬೇಕಾ? ಬೇಡ ಅಂದರೂ ನನಗೆ ಬೇಜಾರಿಲ್ಲ."

ಶಕುಂತಲಮ್ಮನ ಕೈ ನಿಂತಿತು. "ತಿಳ್ಕಳಾದು ಇನ್ನೂ ಏನಾರ ಐತಾ?"

"ಇದೆ."

"ಹೇಳು."

ಹೇಳಿದಳು. ಕಿಟಕಿ ಕಡೆ ತಿರುಗಲಿಲ್ಲ. ಅದು ಕೊಬ್ಬಿನ ಗಂಟಲ್ಲ, ಕ್ಯಾನ್ಸರ್, ನಿಮ್ಮ ತಂಗಿಗೆ ಬಂದಿದ್ದಂಥದ್ದೇ, ಆದರೆ ನಿಮ್ಮದು ಬೇಗ ಗೊತ್ತಾಗಿದೆ, ಈಗ ತೆಗೆಸಿದರೆ ಉಳಿಯುತ್ತೀರಿ, ಬಿಟ್ಟರೆ ಉಳಿಯುವ ಭರವಸೆ ಇಲ್ಲ, ಎದೆ ಪೂರ್ತಿ ತೆಗೆಯಬೇಕಾಗಬಹುದು. ಒಂದೊಂದನ್ನೂ ಬಿಡಿಸಿ, ನಿಧಾನವಾಗಿ. ನಡುವೆ ಎಲ್ಲೂ ನಿಲ್ಲಿಸಲಿಲ್ಲ.

ಶಕುಂತಲಮ್ಮ ತಟ್ಟೆಯನ್ನೇ ನೋಡುತ್ತಿದ್ದರು. ನನಗೆ ಅವರ ತಂಗಿ ತಳ್ಳಿದ ತಟ್ಟೆಯ ನೆನಪಾಯಿತು. ಆಮೇಲೆ ಅವರು ಮಲ್ಲಿಕಾಂಬನ ಕೈ ಕೊಡವಿದರು.

"ದಿನಾ ಮೂರ್ ಹೊತ್ತು ಬಂದು ಚುಚ್ತಿದ್ಯಲ್ಲೇ. ಒಂದ್ ಹೊತ್ತಾರ ಬಾಯಿ ಬರ್ಲಿಲ್ವಾ ನಿಂಗೆ? ನಗ್ತಾ ಇದ್ನಲ್ಲೇ ನಿನ್ ಜೊತೆ. ಹುಚ್ಚಿ ಥರ ನಗ್ತಾ ಇದ್ನಲ್ಲಾ!"

"ತಪ್ಪಾಯ್ತಮ್ಮ" ಅಂದಳು ಮಲ್ಲಿಕಾಂಬ. ಮಗನ ಮೇಲೆ ಹಾಕಲಿಲ್ಲ, ಡಾಕ್ಟರ ಮೇಲೆ ಹಾಕಲಿಲ್ಲ. ನಾನಾಗಿದ್ದರೆ ಎಲ್ಲರ ಹೆಸರನ್ನೂ ಸಾಲಾಗಿ ಹೇಳಿಬಿಡುತ್ತಿದ್ದೆ.

"ಅಂಗಾರೆ ದೇವ್ರು? ದೇವ್ರು ಬಲಗಡೆ ಕೊಟ್ಟನಲ್ಲಾ?"

ಇದಕ್ಕೆ ಮಲ್ಲಿಕಾಂಬ ತಡೆದಳು. ಕಾಯಿಲೆಯ ಸತ್ಯ ಆಯಮ್ಮನದು, ಅದನ್ನು ಕೊಟ್ಟಾಯಿತು. ಹೂವಿನ ಸತ್ಯ ತಾಯಿ ಮಗನ ನಡುವಿನದು. ಆದರೆ ಅದನ್ನು ಹೇಳದಿದ್ದರೆ ಈಗ ಹೇಳಿದ್ದೆಲ್ಲ ದೇವರ ಮುಂದೆ ನಿಲ್ಲುವುದಿಲ್ಲ.

"ಹೂವಿನ ವಿಚಾರ ಹೊನ್ನೇಶನ್ನ ಕೇಳಿ ಅಮ್ಮ" ಅಂದಳು ಕೊನೆಗೆ. "ಸಿಟ್ಟು ಮಾಡ್ಕೋಬೇಡಿ. ಅವನಿಗೆ ನಿಮ್ಮ ಜೀವದ ಭಯ."

ಶಕುಂತಲಮ್ಮ ತುರುಬಿಗೆ ಕೈ ಹಾಕಿ ಸೇವಂತಿಗೆ ತೆಗೆದರು. ಅಂಗೈಯಲ್ಲಿಟ್ಟುಕೊಂಡು ನೋಡಿದರು. "ಅದ್ಕೇನೆ" ಎಂದರು ತಮ್ಮಷ್ಟಕ್ಕೆ. "ನನ್ ಮದ್ವೆ ಆದಾಗಿಂದ ನೋಡ್ತಾ ಇವ್ನಿ, ಇಷ್ಟು ಬಿರ್ನೆ ಅವ್ನು ಯಾರ್ಗೂ ಕೊಟ್ಟೋನಲ್ಲ. ಮಂಗಳಾರತಿ ತಟ್ಟೆ ಎತ್ತಕ್ ಮುಂಚೆನೇ ಬಿತ್ತು." ಅಷ್ಟು ಹೇಳಿ ಅತ್ತರು. ಆ ದೊಡ್ಡ ಗಂಟಲಿನ ಹೆಂಗಸು ಸದ್ದೇ ಇಲ್ಲದೆ ಅತ್ತಿದ್ದನ್ನು ನೋಡಲಾಗಲಿಲ್ಲ. ನಾನೂ ಅತ್ತೆ, ಮಲ್ಲಿಕಾಂಬನೂ ಅತ್ತಳು.

ಹೊರಗೆ ಟೆಂಪೋ ಹಾರನ್ ಆಯಿತು. ಶಕುಂತಲಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಮಲ್ಲಿಕಾಂಬನ ಮುಂದೆ ಅಂಗೈ ಚಾಚಿದರು. ಮಗ ಚಾಚಿದ ಹಾಗೆಯೇ.

"ನಂಗೆಲ್ಲಾ ಗೊತ್ತಾಯ್ತು ಅಂತ ಅವ್ನಿಗೆ ಹೇಳ್ಬೇಡ. ಕಾಯ್ಲೆದೂ ಬ್ಯಾಡ, ಹೂವಿಂದೂ ಬ್ಯಾಡ. ದೇವ್ರ ಮುಂದೆ ಮೋಸ ಮಾಡಿದ್ದು ಅವ್ವಂಗೆ ತಿಳೀತು ಅಂದ್ರೆ ನನ್ ಮಗ ಕೊರಗಿ ಕೊರಗಿ ಕಡ್ಡಿ ಆಗೋಯ್ತಾನೆ. ಅವ್ವಂಗೆ ಗೊತ್ತಿಲ್ಲ ಅನ್ನೋ ಧೈರ್ಯದ ಮೇಲೇ ಅವ್ನು ನಿಂತಿರೋದು. ಮಾತು ಕೊಡು."

ಮಲ್ಲಿಕಾಂಬ ಆ ಕೈ ನೋಡಿದಳು, ನನ್ನ ಕಡೆ ನೋಡಿದಳು. ಒಂದು ಸುಳ್ಳು ಇಳಿಸಿ ಇನ್ನೂ ಉಸಿರೆಳೆದುಕೊಂಡಿರಲಿಲ್ಲ ಪಾಪ. ಆದರೆ ಈ ಸಲ ಕೇಳಿದವರು ಕಾಯಿಲೆಯ ಒಡತಿಯೇ. ಅವಳು ಕೈ ಇಟ್ಟಳು. ನನ್ನ ಕಡೆಯೂ ಆ ಅಂಗೈ ತಿರುಗಿತು, ನಾನೂ ಇಟ್ಟೆ.

ಹೊನ್ನೇಶ್ ಒಳಗೆ ಬಂದ. "ನಡ್ಯವ್ವ, ಹೊತ್ತಾಯ್ತು" ಅಂದ, ನೆಲ ನೋಡುತ್ತಾ.

"ಲೇ ಹೊನ್ನೇಶ, ಗಾಡಿ ಶಿವಮೊಗ್ಗದ ಕಡಿಗೆ ತಿರುಗ್ಸು. ಈಗ ಒಂಚೂರು ಜೊಂಪು ಹತ್ತಿತ್ತು ಕಣಪ್ಪಾ. ದೇವ್ರು ಕನ್ಸಲ್ಲಿ ಬಂದು, ನೀನು ಕೇಳಿದ್ದೇ ತಪ್ಪು, ಎದ್ದು ಡಾಕ್ಟ್ರತ್ರ ಹೋಗು ಅಂದ."

ಆ ಹುಡುಗ ನಿಂತಲ್ಲೇ ಕೈ ಮುಗಿದ. ಗೋಡೆಯ ಮೇಲೆ ದೇವರಿರಲಿಲ್ಲ, ಔಷಧಿ ಕಂಪನಿಯ ಕ್ಯಾಲೆಂಡರ್ ಇತ್ತು. ಅದಕ್ಕೇ ಮುಗಿದ. ಮಲ್ಲಿಕಾಂಬ ಕಿಟಕಿಯ ಕಡೆ ತಿರುಗಿಕೊಂಡಳು.

ಆಪರೇಷನ್ ಆಯಿತು. ಕಂಕುಳಿಗೆ ಹರಡಿರಲಿಲ್ಲ. ಶಕುಂತಲಮ್ಮ ಮಗನನ್ನು ಚಹಾ ತರಲು ಕಳಿಸಿ, ಅಲ್ಲಿಯ ಡಾಕ್ಟರ ಹತ್ತಿರ ಕೇಳಬೇಕಾದ್ದನ್ನೆಲ್ಲ ಕೇಳಿಕೊಂಡರಂತೆ. ಗಾಯ ಶುಚಿ ಮಾಡಿಸಲು ನಮ್ಮಲ್ಲಿಗೆ ಬರುತ್ತಿದ್ದರು. ಮೊದಲೆರಡು ಸಲ ಮಲ್ಲಿಕಾಂಬನ ಜೊತೆ ಮಾತೇ ಇಲ್ಲ. ಮೂರನೆಯ ಸಲ ಬ್ಯಾಂಡೇಜ್ ಬಿಚ್ಚುವಾಗ, "ಮೆತ್ತಗೆ ಕಣೇ" ಅಂದರು. ಅವತ್ತು ಮಲ್ಲಿಕಾಂಬ ಕೌಂಟರಿಗೆ ಬಂದು, ಮಾತಾಡಿಸಿದರು, ಮಾತಾಡಿಸಿದರು ಅಂತ ಮಗುವಿನ ಹಾಗೆ ಹೇಳಿಕೊಂಡಳು.

ಹೊನ್ನೇಶನಿಗೆ ಮಾತ್ರ ನೆಲದ ಮೇಲೆ ಕಾಲಿಲ್ಲ. ಒಂದು ಗೊನೆ ಎಳನೀರು ತಂದು ಮಲ್ಲಿಕಾಂಬನ ಮುಂದೆ ಇಟ್ಟ. "ನೋಡಿದ್ರಾ ಸಿಸ್ಟರ್, ನೀವು ಕೊಟ್ಟ ಮಾತು ಉಳಿಸ್ಕಂಡ್ರಿ, ದೇವ್ರು ದಾರಿ ತೋರ್ಸ್ದ. ನೀವು ಅವತ್ತು ಬಾಯಿ ಬಿಟ್ಟಿದ್ರೆ ನಮ್ಮವ್ವ ಉಳೀತಿರ್ಲಿಲ್ಲ." ಇವಳು ಗೊನೆಯನ್ನು ನನ್ನ ಕೌಂಟರಿನ ಕೆಳಗೆ ಸರಿಸಿದಳು. ಎಳನೀರು ನಾನು ಕುಡಿದೆ. ಅವಳು ಮುಟ್ಟಲಿಲ್ಲ.

ಇವನು ಅಷ್ಟಕ್ಕೇ ಬಿಟ್ಟನೇ? ಕಡೂರಿನಿಂದ ತರೀಕೆರೆಯವರೆಗೆ ಎಳನೀರು ಇಳಿಸಿದ ಅಂಗಡಿಯಲ್ಲೆಲ್ಲ ಅವಳ ಗುಣಗಾನ. ಮೊನ್ನೆ ಮೊನ್ನೆ, ಅಜ್ಜಂಪುರದಿಂದ ಅನಂತಪದ್ಮನಾಭ ಅನ್ನುವವರು ಹೆಂಡತಿಯನ್ನು ತಂದು ಸೇರಿಸಿದರು. ಬ್ಯಾಂಕಿನಲ್ಲಿದ್ದು ನಿವೃತ್ತಿಯಾದವರು, ಬಹಳ ಮರ್ಯಾದಸ್ಥರು. ಹೆಂಡತಿಯ ರಿಪೋರ್ಟ್ ಬಂದ ಮೇಲೆ ಕೌಂಟರಿನ ಹತ್ತಿರವೇ ಮಲ್ಲಿಕಾಂಬನನ್ನು ತಡೆದರು.

"ಸಿಸ್ಟರ್, ಎಳನೀರಿನ ಹೊನ್ನೇಶ್ ನಿಮ್ಮ ಬಗ್ಗೆ ಹೇಳಿದ್ದಾರೆ. ನಿಮ್ಮ ಹತ್ತಿರ ಹೋದ ಮಾತು ಹೊರಗೆ ಬರೋದಿಲ್ಲವಂತೆ. ನಮ್ಮ ಮನೆಯವರಿಗೆ ಇದು ಗೊತ್ತಾಗೋದು ಬೇಡ. ದಯವಿಟ್ಟು." ಅಂಗೈ ಚಾಚಿದರು.

ನನಗೆ ಕೂಗಿ ಹೇಳಬೇಕು ಅನ್ನಿಸಿತು: ಹೊನ್ನೇಶನಿಗೆ ಏನೂ ಗೊತ್ತಿಲ್ಲ ಕಣ್ರೀ, ಅವನ ತಾಯಿ ಉಳಿದದ್ದೇ ಇವಳು ಬಾಯಿಬಿಟ್ಟಿದ್ದಕ್ಕೆ! ಹೇಳುವ ಹಾಗಿಲ್ಲ. ನಾನೂ ಕೈ ಇಟ್ಟವಳು. ಮಾತ್ರೆ ಡಬ್ಬಗಳನ್ನು ಸುಮ್ಮನೆ ಆಚೆಗೊಮ್ಮೆ ಈಚೆಗೊಮ್ಮೆ ಜೋಡಿಸಿದೆ.

ಮಲ್ಲಿಕಾಂಬ ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡಳು. "ಆ ಮಾತು ಕೊಡೋಕಾಗಲ್ಲ ಸಾರ್. ಅವರಿಗೆ ಎಷ್ಟು ತಿಳ್ಕೋಬೇಕು ಅಂತ ಮೊದಲು ಅವರನ್ನೇ ಕೇಳೋಣ, ನೀವೂ ಬನ್ನಿ."

ಅವರ ಕೈ ಗಾಳಿಯಲ್ಲೇ ನಿಂತಿತು. "ಹೊನ್ನೇಶ್‌ಗೆ ಕೊಟ್ಟಿದ್ರಲ್ಲ ನೀವು?"

"ಕೊಟ್ಟಿದ್ದೆ" ಅಂದಳು ಮಲ್ಲಿಕಾಂಬ. ಕಿಟಕಿಯ ಕಡೆ ತಿರುಗಲಿಲ್ಲ, ಅವರ ಮುಖವನ್ನೇ ನೋಡುತ್ತಾ ಹೇಳಿದಳು. ಆಮೇಲೆ ಸ್ಟೆತಸ್ಕೋಪು ಬಿಚ್ಚಿ ನನ್ನ ಕೌಂಟರಿನ ಮೇಲೆ ಇಟ್ಟು ವಾರ್ಡಿನ ಒಳಗೆ ಹೋದಳು. ಅವರು ಚಾಚಿದ ಕೈ ಮಡಿಸಿಕೊಂಡು ಅವಳ ಹಿಂದೆ ಹೋದರು. ಸ್ಟೂಲು ಎಳೆದ ಸದ್ದು ನನಗೆ ಕೇಳಿಸಿತು.